ಎಲ್‌ಸಿಡಿ ಟಿವಿ: ಅಂಗಡಿಯಲ್ಲಿ ಪ್ಯಾನೆಲ್ ಪರೀಕ್ಷೆ, ಮನೆಯಲ್ಲಿ ಚಿತ್ರದ ಹೊಂದಾಣಿಕೆ

ಅಂಗಡಿಗಳಲ್ಲಿ ಎಲ್‌ಇಡಿ, ಕ್ಯೂಎಲ್‌ಇಡಿ ಎಂಬ ಹೆಸರಿನಲ್ಲಿ ಮಾರಾಟವಾಗುವ ಟಿವಿಗಳೂ ಮೂಲತಃ ಎಲ್‌ಸಿಡಿಗಳೇ. ದ್ರವಸ್ಫಟಿಕದ ಪದರ ತಾನಾಗಿ ಬೆಳಗುವುದಿಲ್ಲ. ಹಿಂದಿನಿಂದ ಎಲ್‌ಇಡಿ ದೀಪಗಳು ಚೆಲ್ಲುವ ಬೆಳಕನ್ನು ಅದು ಬಿಂದು ಬಿಂದುವಾಗಿ ತಡೆಯುತ್ತದೆ ಇಲ್ಲವೇ ಬಿಡುತ್ತದೆ. ಎಷ್ಟೇ ತಡೆದರೂ ಸ್ವಲ್ಪ ಬೆಳಕು ಸೋರಿಯೇ ಸೋರುತ್ತದೆ. ಆದ್ದರಿಂದ ಪ್ಯಾನೆಲ್‌ನ ಗುಣವನ್ನು ತಿಳಿಯಬೇಕೆನ್ನುವವರು ಬಣ್ಣಕ್ಕಿಂತ ಮೊದಲು ಕಪ್ಪನ್ನು ನೋಡಬೇಕು.

ಟಿವಿಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ವಿಎ ಮತ್ತು ಐಪಿಎಸ್ ಎಂಬ ಎರಡು ಬಗೆಯ ಪ್ಯಾನೆಲ್‌ಗಳು. ವಿಎಯಲ್ಲಿ ಬಿಳುಪಿಗೂ ಕಪ್ಪಿಗೂ ಇರುವ ಅನುಪಾತ ಸಾಮಾನ್ಯವಾಗಿ 3000:1 ಅಥವಾ ಅದಕ್ಕಿಂತ ಹೆಚ್ಚು. ಐಪಿಎಸ್‌ನಲ್ಲಿ ಅದು 1000:1ರ ಆಸುಪಾಸು. ದೀಪ ಆರಿಸಿ ಸಿನಿಮಾ ನೋಡಿದರೆ ಐಪಿಎಸ್‌ನ ಕಪ್ಪು ಬೂದಿಯಂತೆ ಕಾಣುವುದು ಇದೇ ಕಾರಣಕ್ಕೆ. ಆದರೆ ಪಕ್ಕದಿಂದ ನೋಡಿದಾಗ ವಿಎಯ ಬಣ್ಣಗಳು ಬೇಗ ಪೇಲವವಾಗುತ್ತವೆ. ಒಬ್ಬರು ದಿವಾನದ ಮೇಲೆ, ಒಬ್ಬರು ಗೋಡೆಗೊರಗಿ ನೆಲದ ಮೇಲೆ, ಇನ್ನೊಬ್ಬರು ಊಟದ ಮೇಜಿನಿಂದ ನೋಡುವ ಮನೆಗೆ ಐಪಿಎಸ್ ವಾಸಿ. ಟಿವಿಯ ಎದುರಿಗೇ ಕೂತು ರಾತ್ರಿ ಹೊತ್ತು ನೋಡುವವರಿಗೆ ವಿಎ ಒಳ್ಳೆಯದು. ಪ್ಯಾನೆಲ್ ಯಾವ ಬಗೆಯದೆಂದು ಡಬ್ಬದ ಮೇಲೆ ಬರೆದಿರುವುದು ಅಪರೂಪ. ಒಂದೇ ಸರಣಿಯ ಬೇರೆ ಬೇರೆ ಅಳತೆಗಳಲ್ಲಿ ಬೇರೆ ಬೇರೆ ಪ್ಯಾನೆಲ್ ಇರುವುದೂ ಉಂಟು. ಹಾಗಾಗಿ ನೀವು ಕೊಳ್ಳುವ ಅಳತೆಯ ಟಿವಿಯನ್ನೇ ಹಾಕಿಸಿ, ಪಕ್ಕಕ್ಕೆ ನಾಲ್ಕು ಹೆಜ್ಜೆ ಸರಿದು, ಪರದೆಯಲ್ಲಿರುವ ಮುಖದ ಬಣ್ಣ ಬದಲಾಗುವುದೇ ಎಂದು ಗಮನಿಸಿ.

ಅಂಗಡಿಗೆ ಹೋಗುವಾಗ ಪೆನ್‌ಡ್ರೈವ್ ಒಂದರಲ್ಲಿ ಎರಡು ಚಿತ್ರಗಳನ್ನು ಹಾಕಿಕೊಂಡು ಹೋಗಿ: ಒಂದು ಪೂರ್ತಿ ಕಪ್ಪು, ಇನ್ನೊಂದು ಪೂರ್ತಿ ನಡುಬೂದು. ಬೂದು ಚಿತ್ರದಲ್ಲಿ ಉದ್ದುದ್ದ ಪಟ್ಟೆಗಳೋ ಕೊಳೆ ಮೆತ್ತಿದಂಥ ಕಲೆಗಳೋ ಕಂಡರೆ, ಕ್ರಿಕೆಟ್ ನೋಡುವಾಗ ಕ್ಯಾಮೆರಾ ಚೆಂಡಿನ ಬೆನ್ನು ಹತ್ತಿದಂತೆಲ್ಲ ಆ ಕಲೆಗಳು ಹಸಿರು ಮೈದಾನದ ಮೇಲೆ ತೇಲುವುದನ್ನು ವರ್ಷಗಟ್ಟಲೆ ನೋಡಬೇಕಾಗುತ್ತದೆ. ಕಪ್ಪು ಚಿತ್ರದಲ್ಲಿ ಮೂಲೆಗಳಿಂದ ಬೆಳಕು ಎಷ್ಟು ಸೋರುತ್ತದೆಂದು ನೋಡಬೇಕು. ಷೋರೂಂನ ಝಗಝಗ ದೀಪಗಳ ಕೆಳಗೆ ಅದು ಅಷ್ಟಾಗಿ ಕಾಣದ ಕಾರಣ, ಟಿವಿ ಮನೆಗೆ ಬಂದ ರಾತ್ರಿಯೇ ಇನ್ನೊಮ್ಮೆ ಪರೀಕ್ಷಿಸುವುದು ಕ್ಷೇಮ. ಕಣ್ಣಿನಿಂದಲೇ ನೋಡಿ; ಮೊಬೈಲ್ ಕ್ಯಾಮೆರಾ ಸೋರಿಕೆಯನ್ನು ಇರುವುದಕ್ಕಿಂತ ಹೆಚ್ಚು ಮಾಡಿ ತೋರಿಸುತ್ತದೆ. ಈ ದೋಷಗಳನ್ನು ಯಾವ ಸೆಟ್ಟಿಂಗ್‌ನಿಂದಲೂ ಅಳಿಸಲಾಗುವುದಿಲ್ಲ.

ಹೊಂದಾಣಿಕೆಯನ್ನು ಒಂದು ಒಳ್ಳೆಯ ಎಚ್‌ಡಿ ಚಾನೆಲ್ ಹಾಕಿಕೊಂಡು ಆರಂಭಿಸಿ. ಮೊದಲು ಚಿತ್ರದ ಮೋಡ್ ಅನ್ನು ವಿವಿಡ್‌ನಿಂದ ಸಿನಿಮಾ, ಮೂವಿ ಅಥವಾ ಫಿಲ್ಮ್‌ಮೇಕರ್‌ಗೆ ಬದಲಿಸಿ. ವಿದ್ಯುತ್ ಉಳಿತಾಯದ ಆಯ್ಕೆಯನ್ನೂ ಕೋಣೆಯ ಬೆಳಕಿಗೆ ತಕ್ಕಂತೆ ತಾನಾಗಿ ಬದಲಾಗುವ ಆಯ್ಕೆಯನ್ನೂ ಸದ್ಯಕ್ಕೆ ಆರಿಸಿಡಿ. ಇಲ್ಲದಿದ್ದರೆ ನೀವು ಹೊಂದಿಸುತ್ತಿರುವಾಗಲೇ ಚಿತ್ರ ಬದಲಾಗುತ್ತಿರುತ್ತದೆ.

ಹೆಚ್ಚಿನವರು ಎಡವುವುದು ಬ್ಯಾಕ್‌ಲೈಟ್ ಮತ್ತು ಬ್ರೈಟ್‌ನೆಸ್ ಎಂಬ ಎರಡು ಆಯ್ಕೆಗಳಲ್ಲಿ. ಹಿಂದಿನ ದೀಪಗಳ ಪ್ರಖರತೆಯನ್ನು ನಿರ್ಧರಿಸುವುದು ಬ್ಯಾಕ್‌ಲೈಟ್. ಅದನ್ನು ಹಗಲಿಗೆ ಏರಿಸಿ ರಾತ್ರಿಗೆ ಇಳಿಸಿದರೆ ತಪ್ಪಿಲ್ಲ. ಬ್ರೈಟ್‌ನೆಸ್ ಎಂಬುದು ಹಲವು ಟಿವಿಗಳಲ್ಲಿ ಕಪ್ಪಿನ ಮಟ್ಟ. ಚಿತ್ರ ಮಂಕಾಗಿದೆಯೆಂದು ಅದನ್ನು ಏರಿಸಿದರೆ ಕಪ್ಪೆಲ್ಲ ಮಂಜು ಕವಿದಂತಾಗುತ್ತದೆ. (ಸೋನಿಯ ಈಚಿನ ಟಿವಿಗಳಲ್ಲಿ ಬ್ಯಾಕ್‌ಲೈಟ್‌ಗೇ ಬ್ರೈಟ್‌ನೆಸ್ ಎಂದು ಹೆಸರು, ಕಪ್ಪಿನ ಮಟ್ಟಕ್ಕೆ ಬ್ಲ್ಯಾಕ್ ಲೆವೆಲ್ ಎಂಬ ಬೇರೆ ಆಯ್ಕೆ ಇದೆ. ಗೊಂದಲಕ್ಕೆ ಇಷ್ಟು ಸಾಕು.) ಕರಿಯ ಕೋಟು ತೊಟ್ಟವರ ದೃಶ್ಯವೊಂದನ್ನು ನಿಲ್ಲಿಸಿ, ಕೋಟಿನ ಮಡಿಕೆಗಳು ಕಪ್ಪಿನಲ್ಲಿ ಕರಗಿಹೋಗುವವರೆಗೆ ಕಪ್ಪಿನ ಮಟ್ಟವನ್ನು ಇಳಿಸಿ, ಬಳಿಕ ಅವು ಮತ್ತೆ ಕಾಣತೊಡಗುವ ಹಂತಕ್ಕೆ ಏರಿಸಿ ಬಿಡಿ. ಕಾಂಟ್ರಾಸ್ಟ್‌ಗೆ ಇದರ ತದ್ವಿರುದ್ಧ ಕ್ರಮ: ಟೆಸ್ಟ್ ಪಂದ್ಯದ ಆಟಗಾರನ ಬಿಳಿ ಅಂಗಿಯ ನೆರಿಗೆಗಳು ಮಾಯವಾಗುವವರೆಗೆ ಏರಿಸಿ, ಅವು ಮರಳಿ ಕಾಣುವಷ್ಟಕ್ಕೆ ಇಳಿಸಿ.

ಬಣ್ಣದ ತಾಪವನ್ನು, ಅಂದರೆ ಬಿಳುಪು ಹಳದಿಗೆ ವಾಲಬೇಕೋ ನೀಲಿಗೋ ಎಂಬ ಆಯ್ಕೆಯನ್ನು, ವಾರ್ಮ್‌ಗೆ ಇಡಿ. ಸಿನಿಮಾ, ಟಿವಿ ಕಾರ್ಯಕ್ರಮಗಳನ್ನು ಸಿದ್ಧಪಡಿಸುವುದು ಸುಮಾರು 6500 ಕೆಲ್ವಿನ್‌ನ ಬಿಳುಪನ್ನು ಲೆಕ್ಕಕ್ಕಿಟ್ಟುಕೊಂಡು. ಮೊದಲ ಕೆಲವು ದಿನ ಪರದೆ ಹಳದಿ ಎನ್ನಿಸುತ್ತದೆ, ನಂತರ ಹಳೆಯ ಬಿಳುಪೇ ನೀಲಿಯೆಂದು ತೋರುತ್ತದೆ. ಸುದ್ದಿ ಚಾನೆಲ್‌ನ ಕೆಳಗೆ ಓಡುವ ಅಕ್ಷರಗಳ ಸುತ್ತ ಬಿಳಿಯ ಗೆರೆ ಕಂಡರೆ ಶಾರ್ಪ್‌ನೆಸ್ ಹೆಚ್ಚಾಗಿದೆಯೆಂದು ಅರ್ಥ. ಆ ಗೆರೆ ಹೋಗುವವರೆಗೆ ಇಳಿಸಿ. ಆ ಅಕ್ಷರಗಳ ಸಾಲೇ ಅಂಚಿನಲ್ಲಿ ಕತ್ತರಿಸಿಹೋಗಿದ್ದರೆ ಚಿತ್ರದ ಅಳತೆಯನ್ನು ಜಸ್ಟ್ ಸ್ಕ್ಯಾನ್ ಅಥವಾ ಸ್ಕ್ರೀನ್ ಫಿಟ್‌ಗೆ ಬದಲಿಸಬೇಕು. ಚಲನೆಯನ್ನು ನುಣುಪುಗೊಳಿಸುವ ಆಯ್ಕೆಯನ್ನು ಕ್ರಿಕೆಟ್‌ಗೆ ಬೇಕಿದ್ದರೆ ಇರಿಸಿಕೊಳ್ಳಬಹುದು; ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ ತೆಗೆದ ಸಿನಿಮಾ ಅದರಿಂದ ಧಾರಾವಾಹಿಯಂತೆ ಕಾಣುತ್ತದೆ.

ಹೊಂದಿಸಿದ ಅಂಕಿಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದಿಡಿ. ಸೆಟ್‌ಟಾಪ್ ಬಾಕ್ಸ್ ಜೋಡಿಸಿದ ಎಚ್‌ಡಿಎಂಐ ಪೋರ್ಟ್‌ಗೆ ಮಾಡಿದ ಹೊಂದಾಣಿಕೆ ಟಿವಿಯೊಳಗಿನ ಆಪ್‌ಗಳಿಗೆ ಅನ್ವಯಿಸದೆ ಇರಬಹುದು. ಎಚ್‌ಡಿಆರ್ (ಬೆಳಕು-ಕತ್ತಲೆಗಳ ಅಂತರ ಹೆಚ್ಚಿರುವ) ಚಿತ್ರಗಳಿಗಂತೂ ಸಾಮಾನ್ಯವಾಗಿ ಬೇರೆಯದೇ ಅಂಕಿಗಳಿರುತ್ತವೆ, ಅವನ್ನು ಅಂಥ ಚಿತ್ರವೊಂದು ಓಡುತ್ತಿರುವಾಗಲೇ ಬದಲಿಸಬೇಕಾಗುತ್ತದೆ.