ಹಳೆ ಇಗರ್ಜಿಯ ಒಳಗೆ ಫೋಟೊ ತೆಗೆಯುವಾಗ

ಕಾಸರಗೋಡಿನ ಕುಂಬಳೆ ಕಡೆಗೆ ಹೋದರೆ 1890ರಲ್ಲಿ ಸ್ಥಾಪನೆಯಾದ, ಚೂಪು ಕಮಾನುಗಳ ಗೋಥಿಕ್ ಶೈಲಿಯ ಬೇಳ ಇಗರ್ಜಿ (ಚರ್ಚ್) ಸಿಗುತ್ತದೆ. ಇಂಥ ಇಗರ್ಜಿಗಳ ಒಳಾಂಗಣಕ್ಕೆ ಮೋಡ ಕವಿದ ದಿನವೇ ಒಳ್ಳೆಯದು. ಬಿಸಿಲಿದ್ದರೆ ಕಿಟಕಿಗಳೆಲ್ಲ ಬರೀ ಬೆಳ್ಳಗೆ ಬೀಳುತ್ತವೆ, ಮೂಲೆಗಳು ಕಪ್ಪಾಗಿ ಮುಚ್ಚಿಹೋಗುತ್ತವೆ. ಮಳೆಗಾಲದಲ್ಲಿ ಎಸಿ ಕಾರಿನಿಂದ ಇಳಿದರೆ ಕ್ಯಾಮೆರಾವನ್ನು ಅರ್ಧ ಗಂಟೆ ಬ್ಯಾಗಿನಲ್ಲೇ ಬಿಡಿ, ಇಲ್ಲದಿದ್ದರೆ ಲೆನ್ಸಿನ ಮೇಲೆ ಮಂಜು ಕಟ್ಟುತ್ತದೆ.

ಮೊದಲು ಧರ್ಮಗುರುಗಳನ್ನು ಕೇಳಿ. ಬಲಿಪೂಜೆಯ (ಮಾಸ್) ಹೊತ್ತು ಬೇಡ, ಫ್ಲ್ಯಾಶ್ ಯಾವಾಗಲೂ ಬೇಡ. ಅನುಮತಿ ಸಿಕ್ಕಿತೆಂದು ಬಲಿಪೀಠದ ಮೆಟ್ಟಿಲು ಹತ್ತಬೇಡಿ.

ಟ್ರೈಪಾಡನ್ನು ನಡುದಾರಿಯಲ್ಲಿ ನಿಲ್ಲಿಸಿ. ಮಧ್ಯ ಯಾವುದೆಂದು ಕಣ್ಣಂದಾಜಿಗೆ ಬಿಡದೆ ಎರಡೂ ಬದಿಯ ಬೆಂಚಿನ ತುದಿಯಿಂದ ಅಳೆಯಿರಿ. ನಾಲ್ಕು ಬೆರಳು ಸರಿದರೂ ಕಮಾನುಗಳ ಸಾಲು ವಾರೆಯಾಗಿ ಕಾಣುತ್ತದೆ. ಕ್ಯಾಮೆರಾವನ್ನು ಮೇಲಕ್ಕೆತ್ತಿದರೆ ಕಂಬಗಳು ಒಳಕ್ಕೆ ಬಾಗುತ್ತವೆ. ಹಾಗಾಗಿ ಲೆವೆಲ್‌ನಲ್ಲೇ ಇಟ್ಟು ಅಗಲದ ಲೆನ್ಸ್ ಹಾಕಿ, ಕೆಳಗೆ ಹೆಚ್ಚಾಗಿ ಬಂದ ನೆಲವನ್ನು ಆಮೇಲೆ ಕತ್ತರಿಸಿ.

ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 100, ಲೆನ್ಸಿನ ತೆರಪು ಎಫ್8, ಕ್ಯಾಮೆರಾ ಸಂಸ್ಕರಿಸದ ರಾ ಫೈಲು, ಎರಡು ಸೆಕೆಂಡಿನ ಟೈಮರ್. ಕಿಟಕಿಯ ಗಾಜಿನ ಬಣ್ಣ ಉಳಿಯುವ ಶಟರ್ ವೇಗ (ಬೆಳಕು ಒಳಬಿಡುವ ಹೊತ್ತು) ಮೊದಲು ಹುಡುಕಿ. ಅದು 1/15 ಸೆಕೆಂಡ್ ಎಂದಿಟ್ಟುಕೊಳ್ಳಿ. ಅಲ್ಲಿಂದ ಪ್ರತಿ ಸಲ ನಾಲ್ಕು ಪಟ್ಟು ಹೆಚ್ಚಿಸುತ್ತ 1/4, 1, 4 ಸೆಕೆಂಡ್ ತೆಗೆಯಿರಿ. ನಾಲ್ಕೂ ಚಿತ್ರಗಳನ್ನು ಆಮೇಲೆ ಕಂಪ್ಯೂಟರಿನಲ್ಲಿ ಒಂದಾಗಿ ಸೇರಿಸಿದರೆ ಗಾಜೂ ಮೂಲೆಯೂ ಎರಡೂ ಉಳಿಯುತ್ತವೆ.

ಹೆಚ್ಚಿನವರು ಮರೆಯುವುದು ಫ್ಯಾನು. ಮಾಡಿನಿಂದ ಉದ್ದ ಕೋಲಿನಲ್ಲಿ ತೂಗುವ ಫ್ಯಾನು ಒಂದೊಂದು ಚಿತ್ರದಲ್ಲಿ ಒಂದೊಂದು ಕಡೆ ಇರುತ್ತದೆ, ಸೇರಿಸುವಾಗ ರೆಕ್ಕೆಗಳ ದೆವ್ವದ ನೆರಳು ಉಳಿಯುತ್ತದೆ. ಆಫ್ ಮಾಡಿಸಿ, ರೆಕ್ಕೆ ಪೂರ್ತಿ ನಿಂತು ಕೋಲಿನ ತೂಗಾಟವೂ ನಿಲ್ಲುವವರೆಗೆ ಕಾಯಿರಿ. ಟ್ಯೂಬ್‌ಲೈಟುಗಳನ್ನೂ ಆರಿಸಲು ಕೇಳಿಕೊಳ್ಳಿ. ಕಿಟಕಿಯ ಬೆಳಕಿಗೂ ಅವುಗಳ ಬಣ್ಣಕ್ಕೂ ಹೊಂದದೆ ಸುಣ್ಣದ ಗೋಡೆ ತೇಪೆ ಹಚ್ಚಿದಂತೆ ಕಾಣುತ್ತದೆ. ಪರಮಪ್ರಸಾದದ (ಪವಿತ್ರ ರೊಟ್ಟಿಯ) ಪೆಟ್ಟಿಗೆಯ ಬಳಿಯ ಕೆಂಪು ದೀಪವನ್ನು ಮಾತ್ರ ಮುಟ್ಟುವ ಮಾತೇ ಇಲ್ಲ. ಅದು ಅತಿ ಕಡಿಮೆ ಸೆಕೆಂಡಿನ ಚಿತ್ರದಲ್ಲೇ ಚೆನ್ನಾಗಿ ಬರುತ್ತದೆ, ಉದ್ದದ ಚಿತ್ರದಲ್ಲಿ ಕೆಂಪು ಹೋಗಿ ಬಿಳಿ ಚುಕ್ಕೆಯಾಗುತ್ತದೆ.

ಟ್ರೈಪಾಡ್ ಬೇಡವೆಂದರೆ ಬೆಂಚಿನಲ್ಲಿ ಕುಳಿತು ಮುಂದಿನ ಬೆಂಚಿನ ಬೆನ್ನಿಗೆ ಎರಡೂ ಮೊಣಕೈ ಊರಿ. ಎಫ್4, ಐಎಸ್‌ಒ 1600, ಅಗಲದ ಲೆನ್ಸಿನಲ್ಲಿ 1/15 ಸೆಕೆಂಡ್; ಉಸಿರು ಬಿಟ್ಟ ಮೇಲೆ ಒತ್ತಿ, ಮೂರು ಬಾರಿ ತೆಗೆದರೆ ಒಂದಾದರೂ ಚೂಪಾಗಿ ಬರುತ್ತದೆ.