ಜೀನ್ಸ್ ಮನೆಯಲ್ಲಿರಲಿ: ಸ್ಕಾಟ್ಲೆಂಡಿನಲ್ಲಿ ಮೊದಲ ಗುಡ್ಡ ಹತ್ತುವವರಿಗೆ

ಗ್ಲಾಸ್ಗೋಗೆ ಹೊಸದಾಗಿ ಬಂದ ನಮ್ಮವರ ಮುಂದೆ ಬೆನ್ ಲೋಮಂಡ್ ಬೆಟ್ಟದ ಹೆಸರೆತ್ತಿದರೆ ಸಾಕು, "974 ಮೀಟರ್ ತಾನೇ? ನಮ್ಮ ಮುಳ್ಳಯ್ಯನಗಿರಿ 1930 ಸಾರ್!" ಅನ್ನುತ್ತಾರೆ. ನಾನೂ ಹಾಗೆ ಅಂದವನೇ, ಚಿಕ್ಕಮಗಳೂರಿನವನು ಬೇರೆ. ಆದರೆ ಮುಳ್ಳಯ್ಯನಗಿರಿಯ ಹೆಗಲವರೆಗೂ ರಸ್ತೆ ಇದೆ. ಬೆನ್ ಲೋಮಂಡ್ ಹತ್ತಲು ಶುರುಮಾಡುವುದು ರೋವರ್‌ಡೆನನ್ ಎಂಬಲ್ಲಿ, ಲಾಕ್ ಲೋಮಂಡ್ ಸರೋವರದ ದಂಡೆಯಿಂದ, ಹೆಚ್ಚುಕಡಿಮೆ ಸಮುದ್ರಮಟ್ಟದಿಂದ. ಆ 974ರಲ್ಲಿ ರಿಯಾಯಿತಿ ಇಲ್ಲ, ಪೂರ್ತಿ ಕಾಲಲ್ಲೇ ತೀರಿಸಬೇಕು. ಅದರ ಮೇಲೆ ನಾವಿರುವುದು 56 ಡಿಗ್ರಿ ಉತ್ತರದಲ್ಲಿ. ಕೆಳಗೆ ಮೇ ತಿಂಗಳ ಬಿಸಿಲಿದ್ದರೂ ಮೇಲೆ ಆಲಿಕಲ್ಲು ಬೀಳಬಹುದು.

ನನ್ನನ್ನು ಮೊದಲು ಕರೆದುಕೊಂಡು ಹೋದವನು ಆಫೀಸಿನ ಗೆಳೆಯ, ಇಲ್ಲಿಯವನೇ, ಮಾತು ಕಮ್ಮಿ. ನಾನು ಜೀನ್ಸ್ ತೊಟ್ಟಿದ್ದೆ. ಅವನು ನೋಡಿದ, ಏನೂ ಹೇಳಲಿಲ್ಲ, ತನ್ನ ಚೀಲಕ್ಕೆ ಇನ್ನೊಂದು ಮಳೆಕೋಟು ತುರುಕಿಕೊಂಡ. ಅರ್ಧ ದಾರಿ ಹರಟೆಯಲ್ಲೇ ಕಳೆಯಿತು. ಆಮೇಲೆ ಮೋಡ ಇಳಿಯಿತು, ಮಳೆ ಅಡ್ಡಡ್ಡಲಾಗಿ ಹೊಡೆಯಿತು. ಮಲೆನಾಡಿನ ಮಳೆ ನೆನೆಸುತ್ತದೆ ಅಷ್ಟೇ, ಇಲ್ಲಿಯದು ಗಾಳಿಯನ್ನು ಜೊತೆಗಿಟ್ಟುಕೊಂಡು ಬಂದು ಮೈಯ ಶಾಖವನ್ನೇ ಹೊತ್ತೊಯ್ಯುತ್ತದೆ. ಜೀನ್ಸ್ ತೊಡೆಗೆ ಅಂಟಿ ಹಲಗೆಯಂತಾಯಿತು. ಜಿಪ್ ಎಳೆಯಲು ಬೆರಳು ಬಗ್ಗಲಿಲ್ಲ. ಸ್ಕೂಲಿಗೆ ಹೊರಟ ಮಗುವಿಗೆ ಹಾಕುವ ಹಾಗೆ ಅವನೇ ನನ್ನ ಜಿಪ್ ಹಾಕಿ, ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಟ್ಟು, ಬಂದ ದಾರಿಗೆ ತಿರುಗಿ ನಡೆದ. ತುದಿ ಇನ್ನು ನೂರೈವತ್ತು ಮೀಟರ್ ಎತ್ತರದಲ್ಲಿತ್ತು. ನನಗೆ ಸಿಟ್ಟು. ದಾರಿಯಲ್ಲಿನ ಬಾಲ್ಮಾಹಾ ಎಂಬ ಹಳ್ಳಿ ಬರುವವರೆಗೆ ಕಾರಿನಲ್ಲಿ ನಾನು ಮಾತಾಡಲಿಲ್ಲ. ಅವನಿಗೆ ಅದು ಗೊತ್ತೇ ಆಗಲಿಲ್ಲ ಅನ್ನಿ.

ಅದಕ್ಕೇ ಮೊದಲು ಬಟ್ಟೆಯ ಮಾತು. ಹತ್ತಿ ಬೇಡ, ಒಳಗಿನ ಬನಿಯನ್ ಕೂಡ. ಜಿಮ್ಮಿಗೆ ಹಾಕುವಂಥ ಸಿಂಥೆಟಿಕ್ ಅಥವಾ ಉಣ್ಣೆಯ ಅಂಗಿ, ಮೇಲೆ ಫ್ಲೀಸ್, ಎಲ್ಲಕ್ಕಿಂತ ಮೇಲೆ ನೀರು ಒಳಗಿಳಿಯದ ಕೋಟು, ಪ್ಯಾಂಟು. ಜೂನ್ ಆದರೂ ಟೋಪಿ, ಗ್ಲೌಸ್ ಚೀಲದಲ್ಲಿರಲಿ. ಫ್ಲೀಸ್ ಹಳೆಯ ಬಟ್ಟೆ ಮಾರುವ ಚಾರಿಟಿ ಅಂಗಡಿಯದ್ದಾದರೂ ನಡೆಯುತ್ತದೆ. ಮಳೆಕೋಟು, ಬೂಟಿನಲ್ಲಿ ಮಾತ್ರ ಜಿಪುಣತನ ಬೇಡ.

ಬುತ್ತಿಗೆ ಚಪಾತಿ ಸುರುಳಿ, ಚಟ್ನಿಪುಡಿ. ಒಮ್ಮೆ ಪುಳಿಯೋಗರೆ ಒಯ್ದಿದ್ದೆ. ಆ ಚಳಿಗೆ ಅನ್ನ ಕಲ್ಲಿನಂತಾಗಿತ್ತು.

ಸಮಯಕ್ಕೊಂದು ಹಳೆಯ ಲೆಕ್ಕವಿದೆ. ವಿಲಿಯಂ ನೈಸ್ಮಿತ್ ಎಂಬ ಸ್ಕಾಟಿಷ್ ಪರ್ವತಾರೋಹಿ 1892ರಲ್ಲಿ ಹೇಳಿದ್ದು: 5 ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಮೇಲೆ ಹತ್ತುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಬೆನ್ ಲೋಮಂಡ್ ಹೋಗಿಬರಲು ಸುಮಾರು 12 ಕಿಲೋಮೀಟರ್, ಹತ್ತುವ 974 ಮೀಟರೂ ಸೇರಿದರೆ ನಾಲ್ಕು ಗಂಟೆ. ಇದರಲ್ಲಿ ಊಟ, ಫೋಟೋ, ಏದುಸಿರು ಸೇರಿಲ್ಲ, ಆರು ಗಂಟೆ ಇಟ್ಟುಕೊಳ್ಳಿ. ಜೂನಿನಲ್ಲಿ ರಾತ್ರಿ ಹತ್ತರವರೆಗೂ ಬೆಳಕು. ಡಿಸೆಂಬರಿನಲ್ಲಿ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ, ಮೇಲೆ ಹಿಮ, ಮಂಜುಗಡ್ಡೆ. ಮೊದಲ ಚಳಿಗಾಲ ಗುಡ್ಡವನ್ನು ಕೆಳಗಿನಿಂದಲೇ ನೋಡಿ.

ಫೋನಿನ ಹವಾಮಾನ ಹೇಳುವುದು ಊರಿನ ಸಂಗತಿ. ಮೌಂಟನ್ ವೆದರ್ ಇನ್ಫರ್ಮೇಷನ್ ಸರ್ವಿಸ್ ಅನ್ನುವುದೊಂದಿದೆ, ಅದನ್ನು ಹಿಂದಿನ ಸಂಜೆ ನೋಡಿ. 900 ಮೀಟರಿನಲ್ಲಿ ಎಷ್ಟು ಚಳಿ, ಗಾಳಿಯಲ್ಲಿ ನಡೆಯಲಾದೀತೇ, ಶಿಖರಗಳು ಮೋಡದಿಂದ ಹೊರಗಿರುವ ಸಂಭವವೆಷ್ಟು, ಎಲ್ಲ ಕೊಡುತ್ತಾರೆ. ಕಾಗದದ ನಕ್ಷೆಯೂ ಇರಲಿ, ಚಳಿಗೆ ಫೋನಿನ ಬ್ಯಾಟರಿ ಬೇಗ ಸಾಯುತ್ತದೆ.

ನನ್ನ ಮಾತು ಕೇಳುವುದಾದರೆ ಮೊದಲ ಗುಡ್ಡ ಬೆನ್ ಲೋಮಂಡ್ ಬೇಡ. ಅದೇ ದಾರಿಯಲ್ಲಿ ಮೊದಲು ಸಿಗುವ ಬಾಲ್ಮಾಹಾದ ಕಾನಿಕ್ ಹಿಲ್ ಹತ್ತಿ. ನಾನ್ನೂರು ಮೀಟರ್ ಕೂಡ ಇಲ್ಲ, ಮಧ್ಯಾಹ್ನದೊಳಗೆ ಮುಗಿಯುತ್ತದೆ. ಮೇಲಿಂದ ನೋಡಿದರೆ ಸರೋವರದ ದ್ವೀಪಗಳು ಒಂದೇ ಗೆರೆಯಲ್ಲಿ ಕೂತಂತೆ ಕಾಣುತ್ತವೆ. ಸ್ಕಾಟ್ಲೆಂಡಿನ ತಗ್ಗುನಾಡನ್ನೂ ಮಲೆನಾಡನ್ನೂ ಬೇರ್ಪಡಿಸುವ ಭೂಬಿರುಕು ಅಲ್ಲೇ ಹಾದುಹೋಗಿದೆ. ಬಾಲ್ಮಾಹಾದಾಚೆ ಬಸ್ಸಿನ ಭರವಸೆ ಇಟ್ಟುಕೊಳ್ಳಬೇಡಿ.

ಆಫೀಸಿನಲ್ಲಿ ಸೋಮವಾರ "ಎಷ್ಟು ಮನ್ರೋ ಆಯ್ತು?" ಅಂತ ಕೇಳುವವರು ಸಿಗುತ್ತಾರೆ. ಮನ್ರೋ ಅಂದರೆ 3000 ಅಡಿ ಮೀರಿದ ಬೆಟ್ಟ. ಹ್ಯೂ ಮನ್ರೋ 1891ರಲ್ಲಿ ಪಟ್ಟಿ ಮಾಡಿದರು, ಈಗ 282 ಇವೆ. ಈ ಎಣಿಕೆಯ ಹುಚ್ಚು ನಿಮಗೆ ಆಮೇಲೆ ಹತ್ತಿದರೆ ಸಾಕು.

ಯಾರದೋ ಜಮೀನಿನಲ್ಲಿ ಕಾಲಿಡಬಹುದೇ ಎಂಬ ಅಳುಕು ಬೇಡ. 2003ರ ಭೂಸುಧಾರಣಾ ಕಾಯ್ದೆ ಹೊಣೆಯರಿತು ನಡೆಯುವ ಎಲ್ಲರಿಗೂ ಹಕ್ಕು ಕೊಟ್ಟಿದೆ. ಮುಚ್ಚಿದ್ದ ಗೇಟು ಮುಚ್ಚಿ, ತೆರೆದಿದ್ದದ್ದು ತೆರೆದೇ ಇರಲಿ. ಮರಿಹಾಕುವ ಕಾಲದಲ್ಲಿ ಕುರಿಗಳಿಂದ ದೂರವಿರಿ.

ಇನ್ನು ಕಚ್ಚುವವು. ಬೇಸಿಗೆಯಲ್ಲಿ ಮಿಡ್ಜ್ ಎಂಬ ನುಸಿ ಗಾಳಿ ನಿಂತ ಕೂಡಲೇ ಮುತ್ತಿಕೊಳ್ಳುತ್ತದೆ. ನಡೆಯುತ್ತಿದ್ದರೆ ಪರವಾಗಿಲ್ಲ, ನಿಂತು ಬುತ್ತಿ ಬಿಚ್ಚಿದಿರೋ ಮುಗಿಯಿತು. ಅದು ಬರೀ ಕಿರಿಕಿರಿ. ನಿಜಕ್ಕೂ ಎಚ್ಚರವಿರಬೇಕಾದ್ದು ಉಣ್ಣಿಗೆ. ಮಂಗನ ಕಾಯಿಲೆ ಕಂಡ ಶಿವಮೊಗ್ಗ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಉಣ್ಣಿ ಹರಡುವುದು ಲೈಮ್ ರೋಗ. ಪ್ಯಾಂಟನ್ನು ಕಾಲ್ಚೀಲದೊಳಗೆ ಸಿಕ್ಕಿಸಿ.

ಅಪಾಯವಾದರೆ 999ಕ್ಕೆ ಕರೆಮಾಡಿ, ಮೊದಲು ಪೊಲೀಸ್ ಕೇಳಿ, ಆಮೇಲೆ ಮೌಂಟನ್ ರೆಸ್ಕ್ಯೂ. ಬರುವವರು ಸ್ವಯಂಸೇವಕರು, ದುಡ್ಡು ಕೇಳುವುದಿಲ್ಲ. ಫೋನಿಗೆ ಸಿಗ್ನಲ್ ಇಲ್ಲದಿದ್ದರೆ ನಿಮಿಷಕ್ಕೆ ಆರು ಬಾರಿ ಸೀಟಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದಿ. ಎಲ್ಲಿಗೆ ಹೊರಟಿದ್ದೀರಿ, ಎಷ್ಟೊತ್ತಿಗೆ ವಾಪಸ್ಸು ಎಂದು ಮನೆಯಲ್ಲೊಬ್ಬರಿಗೆ ಹೇಳಿಯೇ ಹೊರಡಿ.

ಇಳಿದು ಬಂದಮೇಲೆ ಹಾಕಿಕೊಳ್ಳಲು ಒಂದು ಜೊತೆ ಒಣ ಕಾಲ್ಚೀಲ ಕಾರಿನಲ್ಲೇ ಬಿಟ್ಟಿರಿ. ಮನೆಗೆ ಬಂದು ಸ್ನಾನ ಮಾಡುವಾಗ ಮೊಣಕಾಲ ಸಂದು, ಕಂಕುಳು, ಕಿವಿಯ ಹಿಂದೆ ನೋಡಿಕೊಳ್ಳಿ. ಉಣ್ಣಿ ಸಿಕ್ಕರೆ ಚಿಮಟದಲ್ಲಿ ಚರ್ಮದ ಹತ್ತಿರವೇ ಹಿಡಿದು ನೆಟ್ಟಗೆ ಎಳೆಯಿರಿ. ಎಣ್ಣೆ ಹಚ್ಚುವುದು, ಬೆಂಕಿಕಡ್ಡಿ ತಾಗಿಸುವುದು ಬೇಡ. ಮುಂದಿನ ವಾರಗಳಲ್ಲಿ ಅಲ್ಲಿ ಕೆಂಪು ಕಲೆ ಅಗಲವಾಗುತ್ತಾ ಹೋದರೆ ಜಿಪಿಗೆ, ಅಂದರೆ ನೀವು ಹೆಸರು ನೋಂದಾಯಿಸಿದ ಡಾಕ್ಟರಿಗೆ, ಫೋನ್ ಮಾಡಿ, ಗುಡ್ಡಕ್ಕೆ ಹೋಗಿದ್ದನ್ನು ಹೇಳಲು ಮರೆಯಬೇಡಿ.