ಇಲಿಯ ಮಿದುಳಿನ ಹನಿ, ಅದನ್ನು ತೆಗೆದ ಹೊತ್ತು

ಫಿಟ್ಸ್ ಯಾಕೆ ಬರುತ್ತದೆ ಅಂತ ಕೇಳಿದರೆ ಒಂದು ಉತ್ತರ ಎಲ್ಲರ ಬಾಯಲ್ಲೂ ಸಿದ್ಧವಾಗಿರುತ್ತದೆ. ಮಿದುಳಿನ ರಾಸಾಯನಿಕಗಳಲ್ಲಿ ಗ್ಲುಟಮೇಟ್ ನರಕೋಶಗಳನ್ನು ಕೆರಳಿಸುತ್ತದೆ, ಗಾಬಾ ಸುಮ್ಮನಿರಿಸುತ್ತದೆ, ಅದು ಜಾಸ್ತಿಯಾಗಿ ಇದು ಕಡಿಮೆಯಾದರೆ ಫಿಟ್ಸ್. ಪಿಎಚ್‌ಡಿಗೆ ಸೇರುವಾಗ ನಾನೂ ಇದನ್ನೇ ಓದಿಕೊಂಡು ಹೋಗಿದ್ದೆ. ಸುಳ್ಳೇನಲ್ಲ. ಆದರೆ ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಇಲಿಗಳ ಮಿದುಳಿನಲ್ಲಿ ನೆನಪಿಗೆ ಸಂಬಂಧಿಸಿದ ಭಾಗವಾದ ಹಿಪೊಕ್ಯಾಂಪಸ್‌ನಿಂದ ದ್ರವ ತೆಗೆದು, ಅದರಲ್ಲಿರುವ ಗ್ಲುಟಮೇಟ್ ಮತ್ತು ಗಾಬಾ ಅಳೆಯುವ ಕೆಲಸವನ್ನು ವರ್ಷಗಟ್ಟಲೆ ಮಾಡಿದ ಮೇಲೆ ನನಗೆ ಮನವರಿಕೆ ಆಗಿರುವುದು ಇಷ್ಟು: ಹನಿಯನ್ನು ಯಾವ ಹೊತ್ತಿನಲ್ಲಿ ತೆಗೆದಿರಿ ಅಂತ ಗೊತ್ತಿಲ್ಲದಿದ್ದರೆ ಅದರಲ್ಲಿ ಏನೆಷ್ಟಿದೆ ಅನ್ನುವ ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ.

ನಾವು ಬಳಸಿದ್ದು ಲಿಥಿಯಮ್-ಪಿಲೊಕಾರ್ಪಿನ್ ಮಾದರಿ, ಅಂದರೆ ಇಲಿಯಲ್ಲಿ ಅಪಸ್ಮಾರ ಬರಿಸಿ ನೋಡುವ ಒಂದು ವಿಧಾನ. ಪಿಲೊಕಾರ್ಪಿನ್ ಅಂದರೆ ಗ್ಲಾಕೋಮಾ ಇರುವವರ ಕಣ್ಣಿಗೆ ಹನಿಯಾಗಿ ಹಾಕುವ ಔಷಧ. ಅದನ್ನೇ ಜಾಸ್ತಿ ಪ್ರಮಾಣದಲ್ಲಿ ಇಲಿಗೆ ಚುಚ್ಚಿದರೆ ನಿಲ್ಲದ ಫಿಟ್ಸ್ ಶುರುವಾಗುತ್ತದೆ. ಬರೀ ಪಿಲೊಕಾರ್ಪಿನ್ ಆದರೆ ಕೆಜಿ ತೂಕಕ್ಕೆ 300 ಮಿಲಿಗ್ರಾಂಗೂ ಮೇಲೆ ಬೇಕು. ಹಿಂದಿನ ದಿನ ಲಿಥಿಯಮ್ ಕೊಟ್ಟಿದ್ದರೆ 30 ಮಿಲಿಗ್ರಾಂ ಸಾಕು. ಇದು 1983ರಿಂದ ಗೊತ್ತಿರುವ ವಿಷಯ. ಪಿಲೊಕಾರ್ಪಿನ್‌ಗೆ ಅರ್ಧ ಗಂಟೆ ಮೊದಲು ಮೀಥೈಲ್ ಸ್ಕೊಪೊಲಮೈನ್ ಕೊಡುತ್ತೇವೆ. ಅದು ಮಿದುಳಿನೊಳಗೆ ಹೋಗುವುದಿಲ್ಲ, ಜೊಲ್ಲು, ಭೇದಿ ಇಂಥ ಕಾಟವನ್ನು ಮಾತ್ರ ತಡೆಯುತ್ತದೆ.

ಆಮೇಲೆ ಕಣ್ಣು ಮಿಟುಕಿಸದೆ ನೋಡುತ್ತಾ ಕೂರಬೇಕು. ಮೊದಲು ಇಲಿ ಏನೂ ಇಲ್ಲದೆ ಬಾಯಿ ಜಗಿಯಲು ಶುರು ಮಾಡುತ್ತದೆ, ಮೀಸೆ ಅದುರುತ್ತದೆ. ಆಮೇಲೆ ತಲೆ ಕುಣಿಸುತ್ತದೆ. ಮುಂಗಾಲು ಜರ್ಕ್ ಹೊಡೆಯುತ್ತದೆ. ಹಿಂಗಾಲ ಮೇಲೆ ಎದ್ದು ನಿಲ್ಲುತ್ತದೆ, ಕೊನೆಗೆ ಹಾಗೇ ಪಕ್ಕಕ್ಕೆ ಬೀಳುತ್ತದೆ. ಇದೇ ಐದು ಹಂತಗಳನ್ನು ರೋನಾಲ್ಡ್ ರಸೀನ್ 1972ರಲ್ಲಿ ಬರೆದಿಟ್ಟರು, ಇವತ್ತಿಗೂ ಎಲ್ಲರೂ ಆ ಅಳತೆಯನ್ನೇ ಬಳಸುತ್ತಾರೆ. ನಾನು ಪ್ರತಿ ಹಂತ ಬಂದ ಗಂಟೆ-ನಿಮಿಷವನ್ನು ಕೈಯಲ್ಲೇ ಬರೆಯುತ್ತಿದ್ದೆ. ವಿಡಿಯೊ ಇದ್ದರೂ ಬರೆಯುತ್ತಿದ್ದೆ.

ನಿಗದಿ ಮಾಡಿದ ಹೊತ್ತಿಗೆ ಡಯಾಜೆಪಾಮ್ ಕೊಟ್ಟು ನಿಲ್ಲಿಸುತ್ತೇವೆ. ಅಲ್ಲಿಂದ ನಿಜವಾದ ಆರೈಕೆ ಶುರು. ಚರ್ಮದ ಕೆಳಗೆ ಸಲೈನ್, ಬೆಚ್ಚಗಿನ ಹಾಸಿಗೆ, ನೀರಲ್ಲಿ ನೆನೆಸಿ ಮೆತ್ತಗೆ ಮಾಡಿದ ಆಹಾರ, ದಿನಾ ತೂಕ. ಎಥಿಕ್ಸ್ ಕಮಿಟಿ ಕೇಳುತ್ತದೆ ಅಂತಷ್ಟೇ ಮಾಡುವ ಕೆಲಸ ಅಲ್ಲ ಇದು. ಪ್ರಾಣಿಗೆ ನೋವು ಕೊಟ್ಟವರು ಅದರ ಪಕ್ಕ ಕೂರಬೇಕು, ನನ್ನ ಮಟ್ಟಿಗೆ ಅದರಲ್ಲಿ ರಿಯಾಯಿತಿ ಇಲ್ಲ. ಜೊತೆಗೆ, ನೀರಿಲ್ಲದೆ ಒಣಗಿದ, ಹೆದರಿದ ಇಲಿಯ ಮಿದುಳಿನ ರಸಾಯನವೇ ಬೇರೆ, ಅದನ್ನು ಅಳೆದು ಫಿಟ್ಸ್ ಬಗ್ಗೆ ಏನೂ ಹೇಳಲಿಕ್ಕಾಗುವುದಿಲ್ಲ. ನಮ್ಮ ಅನಿಮಲ್ ಹೌಸಿನ ಅಣ್ಣ ಬೆಳಿಗ್ಗೆ ಬಂದವರೇ "ಮೇಡಂ, ಆ ಮೂರನೇ ಕೇಜಿನದು ಮೂಲೆ ಬಿಟ್ಟು ಬರ್ತಿಲ್ಲ, ಒಂದ್ಸಲ ನೋಡಿ" ಅನ್ನುತ್ತಿದ್ದರು. ಅವರು ಹಾಗೆ ಹೇಳಿದ ಇಲಿಯ ಇಇಜಿ (ಮಿದುಳಿನ ವಿದ್ಯುತ್ ಚಟುವಟಿಕೆಯ ದಾಖಲೆ) ತೆಗೆದು ನೋಡಿದರೆ ಬಹಳ ಸಲ ಏನೋ ಒಂದು ಇದ್ದೇ ಇರುತ್ತಿತ್ತು.

ಇದಾದ ಮೇಲೆ ಕೆಲವು ವಾರ ಇಲಿ ನೋಡಲು ಆರಾಮಾಗಿರುತ್ತದೆ. ತಿನ್ನುತ್ತದೆ, ಓಡಾಡುತ್ತದೆ. ಆದರೆ ಒಳಗೆ ಹಿಪೊಕ್ಯಾಂಪಸ್‌ನ ಕೆಲವು ಜಾಗಗಳಲ್ಲಿ ನರಕೋಶಗಳು ಸತ್ತಿರುತ್ತವೆ, ಉಳಿದ ಕೋಶಗಳ ಎಳೆಗಳು ಹೋಗಬಾರದ ಕಡೆಗೆ ಚಿಗುರುತ್ತಿರುತ್ತವೆ. ಆ ಎಳೆಗಳನ್ನು ತೋರಿಸುವ ಟಿಮ್ ಅನ್ನುವ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಆರೋಗ್ಯವಂತ ಇಲಿಯಲ್ಲಿ ಖಾಲಿ ಇರಬೇಕಾದ ಪದರದಲ್ಲಿ ಕಪ್ಪು-ಕಂದು ಪಟ್ಟಿ ಕಾಣುತ್ತದೆ. ಆಮೇಲೆ ಒಂದು ದಿನ, ಯಾವ ಔಷಧವನ್ನೂ ಕೊಡದೆ, ಫಿಟ್ಸ್ ತಾನಾಗಿ ಬರುತ್ತದೆ. ಅಪಸ್ಮಾರ ಅನ್ನೋದು ಆ ಸುಮ್ಮನಿದ್ದ ವಾರಗಳಲ್ಲೇ ತಯಾರಾಗಿರುತ್ತದೆ.

ಈಗ ಹನಿಯ ವಿಷಯ. ಮೈಕ್ರೊಡಯಾಲಿಸಿಸ್ ಪ್ರೋಬ್ ಅಂದರೆ ತುದಿಯಲ್ಲಿ ಎರಡು-ಮೂರು ಮಿಲಿಮೀಟರ್ ಪೊರೆ ಇರುವ ಸಣ್ಣ ಕೊಳವೆ. ಮೊದಲೇ ಅರಿವಳಿಕೆ ಕೊಟ್ಟು, ತಲೆಬುರುಡೆಯ ಮೇಲೆ ಗೈಡ್ ಕೊಳವೆ ಕೂರಿಸಿ, ಹಲ್ಲಿನ ಡಾಕ್ಟರು ಬಳಸುವ ಸಿಮೆಂಟಿನಿಂದ ಭದ್ರ ಮಾಡಿರುತ್ತೇವೆ. ಗಾಯ ಮಾಗಿದ ಮೇಲೆ, ಎಚ್ಚರವಾಗಿ ಓಡಾಡುವ ಇಲಿಗೇ ಪ್ರೋಬ್ ಇಳಿಸುತ್ತೇವೆ. ಮಿದುಳಿನ ದ್ರವದಂತೆ ಮಾಡಿದ ಉಪ್ಪುನೀರನ್ನು ನಿಮಿಷಕ್ಕೆ 2 ಮೈಕ್ರೊಲೀಟರ್‌ನಂತೆ ಹರಿಸಿದರೆ, ಸುತ್ತಲಿನ ಗ್ಲುಟಮೇಟ್, ಗಾಬಾ ಸ್ವಲ್ಪ ಸ್ವಲ್ಪವೇ ಪೊರೆ ದಾಟಿ ಅದರೊಳಗೆ ಬರುತ್ತವೆ. ಪ್ರೋಬ್ ಇಳಿಸಿದ ಕೂಡಲೇ ತೆಗೆದ ಸ್ಯಾಂಪಲ್ ನಂಬಬೇಡಿ. ಚುಚ್ಚಿದ ಗಾಯಕ್ಕೇ ಗ್ಲುಟಮೇಟ್ ಏರಿರುತ್ತದೆ. ನಾನು ರಾತ್ರಿಯೆಲ್ಲಾ ಹಾಗೇ ಹರಿಯಲು ಬಿಟ್ಟು ಬೆಳಿಗ್ಗೆ ಶುರು ಮಾಡುತ್ತಿದ್ದೆ.

ಲೆಕ್ಕ ನೋಡಿ. ಹತ್ತು ನಿಮಿಷದ ಸ್ಯಾಂಪಲ್ ಅಂದರೆ 20 ಮೈಕ್ರೊಲೀಟರ್. ಫಿಟ್ಸ್ ಇರುವುದು ಬಹಳಷ್ಟು ಸಲ ಒಂದು ನಿಮಿಷ. ಅಂದರೆ ಆ ಒಂದು ನಿಮಿಷದ ಕಥೆ ಉಳಿದ ಒಂಬತ್ತು ನಿಮಿಷದ ದ್ರವದಲ್ಲಿ ಕಲಸಿಹೋಗುತ್ತದೆ. ಇನ್ನೊಂದು, ಪ್ರೋಬ್‌ನಿಂದ ಸಂಗ್ರಹದ ಬಾಟಲಿವರೆಗಿನ ಟ್ಯೂಬ್. ಒಳವ್ಯಾಸ 0.12 ಮಿಲಿಮೀಟರ್ ಇರುವ ಟ್ಯೂಬು ಒಂದು ಮೀಟರಿಗೆ ಸುಮಾರು 12 ಮೈಕ್ರೊಲೀಟರ್ ಹಿಡಿಯುತ್ತದೆ. ಟ್ಯೂಬು ಒಂದು ಮೀಟರ್ ಇದ್ದರೆ, ನೀವು ಈಗ ಹಿಡಿಯುತ್ತಿರುವ ಹನಿ ಆರು ನಿಮಿಷ ಹಿಂದಿನದು! ಇದನ್ನು ಲೆಕ್ಕದಲ್ಲೇ ಬಿಡದೆ, ಕೇಸರಿಬಾತಿಗೆ ಹಾಕುವ ಬಣ್ಣದ ನೀರನ್ನು ಬೇರೆ ಟ್ಯೂಬಿನಲ್ಲಿ ಹರಿಸಿ, ಬಣ್ಣ ತುದಿಗೆ ಬರಲು ಎಷ್ಟು ಹೊತ್ತು ಬೇಕು ಅಂತ ನಾನು ಗಡಿಯಾರ ಹಿಡಿದೇ ನೋಡುತ್ತಿದ್ದೆ. ಆ ಹೊತ್ತನ್ನು ಕಳೆದ ಮೇಲೇ ಇಇಜಿ ಜೊತೆ ಜೋಡಿಸುವುದು.

ಅಳೆಯುವ ಯಂತ್ರ, ದ್ರವದಲ್ಲಿರುವ ಪದಾರ್ಥಗಳನ್ನು ಒಂದೊಂದಾಗಿ ಬೇರ್ಪಡಿಸುವ ಎಚ್‌ಪಿಎಲ್‌ಸಿ. ಸ್ಯಾಂಪಲಿಗೆ ಓಪಿಎ ಅನ್ನುವ ರಾಸಾಯನಿಕ ಬೆರೆಸಿದರೆ ಗ್ಲುಟಮೇಟ್, ಗಾಬಾದಂಥ ಅಮೈನೊ ಆಮ್ಲಗಳು ಹೊಳೆಯುವಂತಾಗುತ್ತವೆ. ಗ್ರಾಫಿನಲ್ಲಿ ಗ್ಲುಟಮೇಟ್ ಬೇಗ ಬರುತ್ತದೆ, ಎತ್ತರದ ಶಿಖರ. ಗಾಬಾ ತಡವಾಗಿ ಬರುತ್ತದೆ, ಪುಟ್ಟ ಉಬ್ಬು, ಪಕ್ಕದ ಶಿಖರ ಸ್ವಲ್ಪ ಅಗಲವಾದರೂ ಅದರಲ್ಲಿ ಮುಚ್ಚಿಹೋಗುತ್ತದೆ. ಓಪಿಎ ಜೊತೆ ಸೇರಿದ ಗಾಬಾ ಜಾಸ್ತಿ ಹೊತ್ತು ಉಳಿಯುವುದಿಲ್ಲ, ಕೆಡುತ್ತಾ ಹೋಗುತ್ತದೆ. ಹಾಗಾಗಿ ಬೆರೆಸಿದ್ದಕ್ಕೂ ಯಂತ್ರಕ್ಕೆ ಹಾಕಿದ್ದಕ್ಕೂ ನಡುವಿನ ಹೊತ್ತು ಪ್ರತಿ ಸ್ಯಾಂಪಲಿಗೂ ಒಂದೇ ಇರಬೇಕು. ಅಪಸ್ಮಾರ ಹತ್ತಿದ ಇಲಿಗಳಲ್ಲಿ ಹಿಪೊಕ್ಯಾಂಪಸ್ ಕುಗ್ಗಿರುತ್ತದೆ, ಆರೋಗ್ಯವಂತ ಇಲಿಯ ಮಿದುಳಿನ ನಕ್ಷೆಯ (ಅಟ್ಲಾಸ್) ಪ್ರಕಾರ ಇಳಿಸಿದ ಪ್ರೋಬ್ ಬೇರೆ ಜಾಗದಲ್ಲಿ ಕೂತಿರಬಹುದು. ಕೊನೆಗೆ ಮಿದುಳನ್ನು ತೆಳುವಾಗಿ ಕತ್ತರಿಸಿ, ಪ್ರೋಬ್ ಹೋದ ದಾರಿ ನೋಡದೆ ಒಂದು ಸಂಖ್ಯೆಯನ್ನೂ ನಾನು ಲೆಕ್ಕಕ್ಕೆ ಸೇರಿಸಿಲ್ಲ.

ಏನು ಕಂಡಿತು? ಮೊದಲ ಫಿಟ್ಸ್ ಕಂಡ ಸ್ಯಾಂಪಲಿನಲ್ಲಿ ಗ್ಲುಟಮೇಟ್ ಅಷ್ಟೇನೂ ಕದಲಿರಲಿಲ್ಲ. ಫಿಟ್ಸ್ ನಿಲ್ಲದೆ ಮುಂದುವರಿದ ಮೇಲೆ ಏರಿತು, ಏರಿದ್ದು ಬೇಗ ಇಳಿಯಲಿಲ್ಲ. ಗಾಬಾ ಕೂಡ ಎಷ್ಟೋ ಸಲ ಏರಿತ್ತು! ಇದು ನನ್ನ ಇಲಿಗಳ ವಿಶೇಷ ಅಲ್ಲ. 1993ರಲ್ಲಿ ಮ್ಯಾಥ್ಯೂ ಡ್ಯೂರಿಂಗ್ ಮತ್ತು ಡೆನಿಸ್ ಸ್ಪೆನ್ಸರ್ ಅಮೆರಿಕದ ಯೇಲ್‌ನಲ್ಲಿ ರೋಗಿಗಳ ಎರಡೂ ಬದಿಯ ಹಿಪೊಕ್ಯಾಂಪಸ್‌ನಲ್ಲಿ ಇಂಥದೇ ಪ್ರೋಬ್ ಇಟ್ಟು ಅಳೆದಿದ್ದರು. ರೋಗದ ಬದಿಯಲ್ಲಿ ಫಿಟ್ಸ್‌ಗೆ ಮೊದಲೇ ಗ್ಲುಟಮೇಟ್ ಜಾಸ್ತಿ, ಗಾಬಾ ಕಡಿಮೆ. ಫಿಟ್ಸ್ ಹೊತ್ತಿನಲ್ಲಿ ಗಾಬಾ ಏರಿತು, ಆದರೆ ಚೆನ್ನಾಗಿ ಏರಿದ್ದು ರೋಗವಿಲ್ಲದ ಆಚೆ ಬದಿಯಲ್ಲಿ.

ಗಾಬಾ ಇದ್ದೂ ಫಿಟ್ಸ್ ಯಾಕೆ ನಿಲ್ಲುವುದಿಲ್ಲ? ಒಂದು ಕಾರಣ, ಗಾಬಾವನ್ನು ಹಿಡಿಯುವ ರಿಸೆಪ್ಟರ್‌ಗಳು. ಫಿಟ್ಸ್ ಎಳೆದಷ್ಟೂ ಅವು ಕೋಶದ ಮೇಲ್ಮೈ ಬಿಟ್ಟು ಒಳಗೆ ಸೇರಿಕೊಳ್ಳುತ್ತವೆ. ಡಯಾಜೆಪಾಮ್ ಕೆಲಸ ಮಾಡುವುದೂ ಅವುಗಳ ಮೇಲೇ. 1997ರಲ್ಲಿ ಕಪೂರ್ ಮತ್ತು ಮ್ಯಾಕ್‌ಡೊನಾಲ್ಡ್ ಇಲಿಗಳಲ್ಲೇ ತೋರಿಸಿದ್ದರು: ಫಿಟ್ಸ್ ಶುರುವಾಗಿ 10 ನಿಮಿಷಕ್ಕೆ ಕೊಟ್ಟರೆ ಸಾಕಾಗುವ ಡಯಾಜೆಪಾಮ್, 45 ನಿಮಿಷ ಬಿಟ್ಟು ಕೊಟ್ಟರೆ ಸುಮಾರು ಹತ್ತು ಪಟ್ಟು ಬೇಕು. ಇದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಬೇಗ ಕೊಟ್ಟ ಇಲಿ ತೂಕಡಿಸಿ ಮಲಗುತ್ತದೆ, ತಡವಾದದ್ದು ಮೈ ಸಡಿಲ ಬಿಟ್ಟು ಮಲಗಿದಂತೆ ಕಂಡರೂ ಇಇಜಿಯಲ್ಲಿ ಫಿಟ್ಸ್ ಓಡುತ್ತಲೇ ಇರುತ್ತದೆ. ಅದಕ್ಕೇ ಮನೆಯಲ್ಲಿ ಯಾರಿಗಾದರೂ ಫಿಟ್ಸ್ ಬಂದರೆ ಗಡಿಯಾರ ನೋಡಿ ಅಂತ ನಾನು ಎಲ್ಲರಿಗೂ ಹೇಳುವುದು. ಕೈಯಲ್ಲಿ ಕಬ್ಬಿಣ ಕೊಡುವುದು, ಈರುಳ್ಳಿ ಮೂಸಿಸುವುದು ಬೇಡ. ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, 5 ನಿಮಿಷ ದಾಟಿದರೆ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಡಾಕ್ಟರು ಮೂಗಿಗೆ ಹೊಡೆಯುವ ಮಿಡಜೋಲಾಮ್ ಸ್ಪ್ರೇ ಬರೆದುಕೊಟ್ಟಿದ್ದರೆ ಅವರು ಹೇಳಿದ ಹೊತ್ತಿಗೆ ಬಳಸಿ, ಆಮೇಲೆ ನೋಡೋಣ ಅಂತ ಇಟ್ಟುಕೊಳ್ಳಬೇಡಿ.

ಇನ್ನೊಂದು ಕಾರಣ ಕ್ಲೋರೈಡ್. ಗಾಬಾ ಬಾಗಿಲು ತೆಗೆದಾಗ ಕ್ಲೋರೈಡ್ ಕೋಶದೊಳಗೆ ನುಗ್ಗುವುದರಿಂದಲೇ ಕೋಶ ತಣ್ಣಗಾಗುವುದು. ಒಳಗೇ ಕ್ಲೋರೈಡ್ ತುಂಬಿಕೊಂಡಿದ್ದರೆ ಅದು ಹೊರಗೆ ಹರಿಯುತ್ತದೆ, ಗಾಬಾವೇ ಕೋಶವನ್ನು ಕೆರಳಿಸುತ್ತದೆ. ಎಳೆ ಮಿದುಳಿನಲ್ಲಿ ಇದು ಸಹಜ. ಪ್ಯಾರಿಸ್ಸಿನ ಒಂದು ತಂಡ 2002ರಲ್ಲಿ, ಅಪಸ್ಮಾರದ ಆಪರೇಷನ್‌ನಲ್ಲಿ ತೆಗೆದ ಮಿದುಳಿನ ಭಾಗದಲ್ಲೂ ಕೆಲವು ಕೋಶಗಳು ಹೀಗೇ ಆಗಿರುವುದನ್ನು ತೋರಿಸಿತು. ಹನಿಯಲ್ಲಿ ಗಾಬಾ ಎಷ್ಟಿದೆ ಅಂತ ನಾನು ಎಷ್ಟೇ ಚೆನ್ನಾಗಿ ಅಳೆದರೂ ಇದು ಅದರಲ್ಲಿ ಕಾಣುವುದಿಲ್ಲ. ಅದಕ್ಕೆ ಬೇರೆ ಪ್ರಯೋಗವೇ ಬೇಕು.

ಔಷಧ ಹುಡುಕುವವರಿಗೂ ಈ ಹೊತ್ತಿನ ವಿಷಯ ದೊಡ್ಡದು. ಇವತ್ತು ಲಕ್ಷಾಂತರ ಜನ ನುಂಗುವ ಫಿಟ್ಸ್ ಔಷಧ ಲೆವೆಟಿರಾಸಿಟಾಮ್ ಹಳೆಯ ಪದ್ಧತಿಯ ಪರೀಕ್ಷೆಗಳಲ್ಲಿ, ಅಂದರೆ ಆರೋಗ್ಯವಂತ ಇಲಿಗೆ ಶಾಕ್ ಕೊಟ್ಟೋ ಔಷಧ ಚುಚ್ಚಿಯೋ ಆ ಕ್ಷಣಕ್ಕೆ ಫಿಟ್ಸ್ ಬರಿಸಿ ನೋಡುವ ಪರೀಕ್ಷೆಗಳಲ್ಲಿ, ಪಾಸೇ ಆಗಲಿಲ್ಲ. ದಿನದಿನವೂ ಸಣ್ಣ ವಿದ್ಯುತ್ ಪ್ರಚೋದನೆ ಕೊಟ್ಟು ಮಿದುಳನ್ನೇ ಫಿಟ್ಸ್‌ಗೆ ಒಗ್ಗಿಸಿದ ಪ್ರಾಣಿಗಳಲ್ಲಿ ಕೆಲಸ ಮಾಡಿತು. ರೋಗ ಬೇರೂರಿದ ಮಿದುಳಿನಲ್ಲೇ ನೋಡಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ನಮ್ಮ ಕರ್ನಾಟಕದ್ದೇ ಒಂದು ವಿಷಯ ಇದೆ ಅಲ್ವಾ, ತಲೆಗೆ ಬಿಸಿನೀರು ಹುಯ್ದುಕೊಂಡಾಗ ಬರುವ ಫಿಟ್ಸ್. ಜಗತ್ತಿನಲ್ಲೇ ಇದು ಜಾಸ್ತಿ ಕಾಣಿಸುವ ಜಾಗಗಳಲ್ಲಿ ದಕ್ಷಿಣ ಕರ್ನಾಟಕವೂ ಒಂದು. ನಿಮ್ಹಾನ್ಸ್‌ನ ಡಾ. ಸತೀಶ್ಚಂದ್ರ ಮತ್ತು ಅವರ ಜೊತೆಯವರು 1996ರಲ್ಲಿ ಇದಕ್ಕೆ ಇಲಿಯ ಮಾದರಿಯನ್ನು ವರದಿ ಮಾಡಿದರು. ಬಿಸಿನೀರಿನಿಂದ ಮೈ ಕಾವು ಏರಿ ಇಲಿಗೂ ಫಿಟ್ಸ್ ಬರುತ್ತದೆ. ಇದರ ಚಿಕಿತ್ಸೆಯಲ್ಲೂ ಹೊತ್ತಿನದೇ ಮಾತು: ಬರೀ ಸ್ನಾನದಲ್ಲಿ ಮಾತ್ರ ಫಿಟ್ಸ್ ಬರುವವರಿಗೆ ತಲೆಸ್ನಾನಕ್ಕೆ ಒಂದೂವರೆ-ಎರಡು ಗಂಟೆ ಮೊದಲು ಕ್ಲೊಬಜಾಮ್ ಅನ್ನುವ ಫಿಟ್ಸ್ ಔಷಧ ಕೊಡುವ, ನೀರಿನ ಬಿಸಿ ಕಡಿಮೆ ಮಾಡಿಸುವ ಪದ್ಧತಿ ಇದೆ.

ಆ ಮಾದರಿಯಲ್ಲಿ ಕಾವು ಏರುವ ನಿಮಿಷಗಳಲ್ಲಿ ಗ್ಲುಟಮೇಟ್, ಗಾಬಾ, ಜೊತೆಗೆ ನರಕೋಶಗಳನ್ನು ಸುಮ್ಮನಿರಿಸುವ ಇನ್ನೊಂದು ರಾಸಾಯನಿಕವಾದ ಅಡೆನೊಸಿನ್ ಯಾವ ಕ್ರಮದಲ್ಲಿ ಏರಿಳಿಯುತ್ತವೆ ಅಂತ ಅಳೆಯುವುದು ನನ್ನ ಮುಂದಿನ ಆಸೆ. ಹತ್ತು ನಿಮಿಷದ ಸ್ಯಾಂಪಲ್ ಅದಕ್ಕೆ ಸಾಲದು, ಒಂದು ನಿಮಿಷಕ್ಕೆ ಇಳಿಸಬೇಕು, ಅಂದರೆ 2 ಮೈಕ್ರೊಲೀಟರಿನಲ್ಲಿ ಗಾಬಾ ಹಿಡಿಯಬೇಕು. ನಮ್ಮಲ್ಲಿರುವ ಯಂತ್ರಕ್ಕೆ ಅದು ಕಷ್ಟ. ಇಂಥ ಸಣ್ಣ ಸ್ಯಾಂಪಲ್ ಅಳೆದು ಅಭ್ಯಾಸ ಇರುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿಕೊಡಿ. ಪ್ರೋಬ್ ಕೂರಿಸುವುದು, ಇಲಿಗಳ ಆರೈಕೆ, ಟ್ಯೂಬಿನ ಲೆಕ್ಕ ಇವನ್ನೆಲ್ಲ ನಾನು ಹೇಳಿಕೊಡುತ್ತೇನೆ.